ಸೊಂಡಿಲು ಒಳಕ್ಕೆ ತಿರುಗಿದ ಶ್ರೀ

ಅರಸೀಕೆರೆ ಸ್ಟೇಷನ್ನಿನಲ್ಲಿ ನನ್ನದು ಅಂತ ಒಂದು ಬೆಂಚಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ಮರದ ನೆರಳು ಬಂದು ಅದರ ಮೇಲೆ ಕೂರುತ್ತದೆ, ಪಕ್ಕದಲ್ಲಿ ನಾನು ಕೂರುತ್ತೇನೆ. ಎಲ್ಲಿಗೂ ಹೋಗುವುದಿಲ್ಲ. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಬಂದು, ಚಪ್ಪಲಿ ಬಿಟ್ಟು, ಕಾಲು ಮೇಲೆಳೆದುಕೊಂಡು, ಸೆರಗನ್ನು ತಲೆಯ ಮೇಲೆ ಹಾಕಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಸ್ಥಿತಿ ಬರುತ್ತದೆ. ಆಗ ಹುಬ್ಬಳ್ಳಿ ಕಡೆಗೆ ಹೋಗುವ ರೈಲುಗಳೆಲ್ಲ ಒಂದೇ ರೈಲಾಗುತ್ತವೆ. ಅದರ ಕಿಟಕಿಯಲ್ಲಿ ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಕೂತಿರುತ್ತಾರೆ. ಅವರ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ. ನನ್ನನ್ನು ನೋಡಿ ಕೈ ಎತ್ತುತ್ತಾರೆ, ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಕನಸಿನಲ್ಲೂ ನನ್ನ ಬುದ್ಧಿ ನನ್ನನ್ನು ಬಿಡುವುದಿಲ್ಲ ನೋಡಿ.

ಹೋದ ತಿಂಗಳು ಒಂದು ದಿನ ಹಾಗೆ ಕೂತಿದ್ದಾಗ ಬೆಂಚಿನ ಇನ್ನೊಂದು ತುದಿಗೆ ಇಬ್ಬರು ಗಂಡಸರು ಬಂದು ಕೂತರು. ನಡುವೆ ಹುರಿದ ಕಡಲೆಕಾಯಿಯ ಪೊಟ್ಟಣ, ಒಬ್ಬನ ಕೈಯಲ್ಲಿ ಮೊಬೈಲು. ಯಾವುದೋ ದೇಶದಲ್ಲಿ ಯಾರೋ ಒಬ್ಬ ಸರ್ಕಾರದ ಗುಟ್ಟಿನ ಕಾಗದಗಳನ್ನೆಲ್ಲ ಬಯಲಿಗಿಟ್ಟು ಇನ್ನೊಂದು ದೇಶಕ್ಕೆ ಓಡಿಹೋಗಿದ್ದನಂತೆ. ಆ ಸುದ್ದಿಯನ್ನು ಇಬ್ಬರೂ ನೋಡುತ್ತಿದ್ದರು.

"ಅಲ್ಲ ಕಣ್ಲಾ, ಅಷ್ಟು ಧೈರ್ಯ ಇದ್ದೋನು ಓಡೋಗದ್ಯಾಕೆ? ನಿಂತ್ಕಂಡು ಎದುರಿಸ್ಬೇಕಪ್ಪ."

"ಹೇಡಿ ಕಣ್ಲಾ. ಹೇಳದು ಹೇಳ್ಬುಟ್ಟು ಕಾಲಿಗೆ ಬುದ್ಧಿ ಹೇಳೋರೆಲ್ಲ ಹೇಡಿಗಳೇ."

ನನಗೆ ಮೈಯೆಲ್ಲ ಉರಿದುಹೋಯಿತು. ಸೆರಗು ತೆಗೆದು ಎದ್ದು ಕೂತೆ. "ಏನ್ರಪ್ಪಾ, ನಿಂತೋರೆಲ್ಲ ಧೈರ್ಯವಂತ್ರೇನು? ನಾನು ನಿಂತಿದ್ದೆ. ಒಂಬತ್ತು ವರ್ಷ ಕುರ್ಚಿ ಬಿಟ್ಟು ಅಲ್ಲಾಡದೆ ನಿಂತಿದ್ದೆ. ನನ್ನ ಮುಖ ನೋಡಿ ಹೇಳಿ ನೋಡಾಣ, ಧೈರ್ಯವಂತೆ ಥರ ಕಾಣ್ತೀನಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಡಲೆಕಾಯಿ ಪೊಟ್ಟಣ ಎತ್ತಿಕೊಂಡು, ಪಕ್ಕದ ಬೆಂಚಿಗೆ ಹೋದರು. ತಲೆ ಕೆಟ್ಟವಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಆವತ್ತು ನನ್ನ ಬ್ಯಾಗಿನಲ್ಲಿ ಪೆನ್ಷನ್ ಆರ್ಡರ್ ಇತ್ತು. ಅದು ಬಂದ ಮೇಲೆ ಮಾದಿಹಳ್ಳಿಗೆ ಹೋಗಿ ಅಕ್ಕನಿಗೆ ಒಂದು ಮಾತು ಹೇಳಬೇಕೆಂದು ವರ್ಷಗಳಿಂದ ಅಂದುಕೊಂಡಿದ್ದೆ. ಆರ್ಡರ್ ಬಂದು ವಾರವಾಗಿದ್ದರೂ ಬಸ್‌ಸ್ಟ್ಯಾಂಡಿಗೆ ಹೋಗುವುದು ಬಿಟ್ಟು ಸ್ಟೇಷನ್ನಿಗೇ ಬಂದು ಕೂರುತ್ತಿದ್ದೆ. ಹೇಳಬೇಕಾದ ಮಾತು ಇಷ್ಟೇ: ಸರ್ಕಾರದ ಗುಟ್ಟನ್ನು ಹೊರಗೆ ಹಾಕಿದವಳು ನಾನು, ಓಡಿಹೋದವರು ನಿನ್ನ ಗಂಡ. ಅವರನ್ನು ಹೇಡಿ ಅಂತ ನಿನ್ನ ಬಾಗಿಲಲ್ಲೇ ನಿಂತು ಬೈದವಳೂ ನಾನೇ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಎಲ್ಲ ಕಲಸಿಹೋಗುತ್ತದೆ.

ನಮ್ಮಪ್ಪ ಹಳೇಬೀಡಿನಲ್ಲಿ ಶಾಲೆಯ ಮೇಷ್ಟ್ರು. ಭಾನುವಾರ ಬಿಸಿಲೇರುವ ಮೊದಲು ನಮ್ಮಿಬ್ಬರನ್ನೂ, ಅಕ್ಕನನ್ನೂ ನನ್ನನ್ನೂ, ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕೈ ಮುಗಿಯುವುದಕ್ಕಲ್ಲ. ಗೋಡೆಯ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಆನೆಗಳಿವೆಯಲ್ಲ, ಅವುಗಳ ಸೊಂಡಿಲಿನ ಮೇಲೆ ನಮ್ಮ ಬೆರಳಿಟ್ಟು ಓಡಿಸುವುದಕ್ಕೆ. ಆಗ ಯಾರೂ ಬೇಡ ಅನ್ನುತ್ತಿರಲಿಲ್ಲ. ಒಂದು ಆನೆ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ಬೆಳಗಿನ ಕಲ್ಲು ತಣ್ಣಗಿರುತ್ತಿತ್ತು, ನಾನು ಅದಕ್ಕೆ ಕೆನ್ನೆ ಕೊಟ್ಟು ತೂಕಡಿಸುತ್ತಿದ್ದೆ. ಕಣ್ಣು ಮುಚ್ಚಿದರೆ ಆನೆಗಳು ಗೋಡೆ ಬಿಟ್ಟು ಕೆರೆಯ ಕಡೆಗೆ ನಡೆದುಕೊಂಡು ಹೋದ ಹಾಗೆ ಅನ್ನಿಸುತ್ತಿತ್ತು. ಈಗಲೂ ಜ್ವರ ಬಂದಾಗ ಅವು ಹೋಗುವುದು ಕಾಣುತ್ತದೆ.

ಮನೆಗೆ ಬಂದ ಮೇಲೆ ಸ್ಲೇಟು. ಏನು ಬರೆಯುವುದಿದ್ದರೂ ಮೊದಲು ತಲೆಯಲ್ಲಿ ಶ್ರೀ. ಅದರ ದೀರ್ಘವನ್ನು ಎಳೆದು ಕೊನೆಯಲ್ಲಿ ಆನೆಯ ಸೊಂಡಿಲಿನ ಹಾಗೆ ಒಳಕ್ಕೆ ಸುತ್ತಬೇಕು. "ಸೊಂಡಿಲು ಹೊರಕ್ಕೆ ಚಾಚಿದ್ರೆ ಆನೆ ಬೇಡ್ತಾ ಇದೆ ಅಂತ. ಒಳಕ್ಕೆ ಮಡಿಸಿದ್ರೆ ತನ್ನ ಊಟ ತಾನು ಮಾಡ್ತಾ ಇದೆ ಅಂತ. ನಮ್ಮ ಮನೆ ಶ್ರೀ ಬೇಡಬಾರದು" ಎನ್ನುತ್ತಿದ್ದರು ಅಪ್ಪ. ಅಕ್ಕನ ಶ್ರೀ ನನ್ನದಕ್ಕಿಂತ ಚೆನ್ನ. ಆದರೆ ಅವಳನ್ನು ಮಾದಿಹಳ್ಳಿಯ ಬೇಸಾಯದ ಮನೆಗೆ ಕೊಟ್ಟರು, ಅಲ್ಲಿ ಅವಳ ಕೈಗೆ ಹಾಲಿನ ಕ್ಯಾನು ಬಂತು, ಪೆನ್ನು ಹೋಯಿತು. ನಾನು ಮಾತ್ರ ಬಿಡಲಿಲ್ಲ. ರಜಾ ಅರ್ಜಿ, ದಿನಸಿ ಚೀಟಿ, ಮಗಳ ಪ್ರೋಗ್ರೆಸ್ ಕಾರ್ಡು, ಕೈಯಿಂದ ಹೊರಗೆ ಹೋಗುವ ಯಾವ ಕಾಗದದ ತಲೆಯ ಮೇಲೂ ನನ್ನ ಪೆನ್ನು ತಾನೇ ಹೋಗಿ ಶ್ರೀ ಹಾಕಿ ಬರುತ್ತಿತ್ತು. ಆಫೀಸಿನಲ್ಲಿ ನಗುತ್ತಿದ್ದರು. "ಮೇಡಂ, ಸಾಹೇಬರ ವರ್ಗಾವಣೆ ಆರ್ಡರಿಗೂ ಶ್ರೀ ಹಾಕಿದ್ದೀರಲ್ರೀ, ಅಷ್ಟೊಂದು ಖುಷಿನಾ?" ಎಂದು ಒಮ್ಮೆ ಇಡೀ ಆಫೀಸು ಗೊಳ್ಳೆಂದಿತ್ತು.

ಆಫೀಸೆಂದರೆ ಕುಡಿಯುವ ನೀರಿಗೆ ಸಂಬಂಧಪಟ್ಟದ್ದು, ಅಷ್ಟು ಸಾಕು. ಇಲಾಖೆಯ ಹೆಸರಾಗಲಿ ಕೆಟ್ಟ ನೀರಿನ ಊರುಗಳ ಹೆಸರಾಗಲಿ ನಾನು ಹೇಳುವುದಿಲ್ಲ. ನನ್ನ ಯಜಮಾನರು ಅಲ್ಲಿ ಗುಮಾಸ್ತರಾಗಿದ್ದರು. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವರು ಎದೆನೋವು ಬಂದು ಹೋದರು, ಅನುಕಂಪದ ಮೇಲೆ ಆ ಕುರ್ಚಿ ನನಗೆ ಸಿಕ್ಕಿತು. ಭಾವ ಅದೇ ಆಫೀಸಿನಲ್ಲಿ ಮೊದಲಿನಿಂದಲೂ ಇದ್ದರು. ಅವರದ್ದು ಊರೂರು ತಿರುಗುವ ಕೆಲಸ. ಬೋರ್‌ವೆಲ್ಲಿನ ಕೈಪಂಪು ಒತ್ತಿ ಬಾಟಲಿಗೆ ನೀರು ಹಿಡಿಯುವುದು, ಬಾಟಲಿಯ ಕತ್ತಿಗೆ ದಾರದಲ್ಲಿ ಚೀಟಿ ಕಟ್ಟುವುದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆಗೆ ತಲುಪಿಸುವುದು. ಫಲಿತಾಂಶ ಬಂದ ಮೇಲೆ ನಾನು ಲಿಸ್ಟ್ ಟೈಪ್ ಮಾಡುತ್ತಿದ್ದೆ. ಅದನ್ನು ಹಿಡಿದುಕೊಂಡು ಅವರು ಬಣ್ಣದ ಡಬ್ಬದೊಂದಿಗೆ ಮತ್ತೆ ಹೊರಡುತ್ತಿದ್ದರು. ನೀರು ಚೆನ್ನಾಗಿದ್ದರೆ ಪಂಪಿಗೆ ನೀಲಿ, ಹಲ್ಲು ಕೆಡಿಸುವ ಫ್ಲೋರೈಡ್ ಹೆಚ್ಚಿದ್ದರೆ ಕೆಂಪು. ಕೆಂಪು ಪಂಪಿನ ನೀರಿನಲ್ಲಿ ಬಟ್ಟೆ ಒಗೆಯಬಹುದು, ಕುಡಿಯಬಾರದು. ಓದಲು ಬಾರದವರಿಗೂ ಅದು ಗೊತ್ತಿತ್ತು.

ಭಾವ ಪುಕ್ಕಲು ಮನುಷ್ಯ, ಅದನ್ನು ಮುಚ್ಚಿಡುವುದಿಲ್ಲ. ಬೀದಿಯಲ್ಲಿ ನಾಯಿ ಮಲಗಿದ್ದರೆ ಇನ್ನೊಂದು ಬೀದಿ ಸುತ್ತಿಕೊಂಡು ಬರುತ್ತಿದ್ದರು. ಸಾಹೇಬರು ಕರೆದರೆ ಒಳಗೆ ಹೋಗುವ ಮೊದಲು ಎರಡು ಲೋಟ ನೀರು ಕುಡಿಯುತ್ತಿದ್ದರು. ಇನ್ನೊಂದು, ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಿದರೆ ಎರಡು ಕಿವಿಯೂ ಕೆಂಪಾಗಿಬಿಡುತ್ತಿದ್ದವು. ಹಾರನಹಳ್ಳಿಯ ಕಡೆ ಕೆಲಸವಿದ್ದ ದಿನ ಹೋಟೆಲಿನಲ್ಲಿ ವಡೆ ತಿಂದು ಬಂದು "ಇಲ್ಲ ಕಣೆ" ಎಂದರೆ, ಅಕ್ಕ ಕಿವಿ ನೋಡಿಯೇ "ಎಷ್ಟ್ ತಿಂದ್ರಿ?" ಎನ್ನುತ್ತಿದ್ದಳು.

ಆ ವರ್ಷ ಪರೀಕ್ಷೆಯ ಲಿಸ್ಟಿನಲ್ಲಿ ಕೆಂಪಾಗಬೇಕಾದ ಪಂಪುಗಳು ಎರಡು ಹಾಳೆ ತುಂಬಾ ಬಂದವು. ಅದೇ ಹೊತ್ತಿಗೆ ಎಲ್ಲ ಊರಿಗೂ ಒಳ್ಳೆಯ ನೀರು ಕೊಟ್ಟಾಯಿತು ಎಂದು ಘೋಷಣೆ ಮಾಡುವ ದೊಡ್ಡ ಕಾರ್ಯಕ್ರಮವೊಂದು ನಿಗದಿಯಾಗಿತ್ತು, ದೊಡ್ಡವರು ಬರುವವರಿದ್ದರು. ಸಾಹೇಬರು ನನ್ನನ್ನು ಕರೆದು, "ಈ ಲಿಸ್ಟ್ ಸದ್ಯಕ್ಕೆ ಗೌಪ್ಯ. ಕಾರ್ಯಕ್ರಮ ಮುಗೀಲಿ, ಆಮೇಲೆ ನೋಡೋಣ. ಬಣ್ಣಗಿಣ್ಣ ಏನೂ ಬೇಡ" ಎಂದರು. ಕಾರ್ಯಕ್ರಮ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಬಣ್ಣದ ಡಬ್ಬದಲ್ಲಿ ಕೆನೆ ಕಟ್ಟಿತು. ಪ್ರತಿ ಸೋಮವಾರ ಭಾವ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. "ಏನಮ್ಮ, ಲಿಸ್ಟ್ ಬಂತಾ?"

ಒಂದು ಸೋಮವಾರ ಅವರು ಅದನ್ನು ಕೇಳಲಿಲ್ಲ. ಹೀಗೆ ಹೇಳಿದರು: "ನಾನು ನೀರು ಹಿಡಿದ ಒಂದೂರ ಸ್ಕೂಲಲ್ಲಿ ಹೆಣ್ಮಕ್ಕಳು ಬಾಯಿ ಮುಚ್ಕೊಂಡು ನಗ್ತಾರೆ ಕಣಮ್ಮ. ಹಲ್ಲೆಲ್ಲ ಕಂದು ಗೆರೆ. ನಾಚ್ಕೊಳ್ತವೆ. ಒಂದು ಮಗು ನಂಗೆ ಅದೇ ಬೋರಿಂಗಿನ ನೀರು ತಂದ್ಕೊಟ್ಟು, ಕುಡೀರಿ ಅಂಕಲ್ ಅಂತು. ಬೇಡ ಅಂತ ಹೆಂಗನ್ನದು? ಕುಡಿದೆ."

ನನಗೆ ಸಿಟ್ಟು ನೆತ್ತಿಗೇರಿತು. ಸಾಹೇಬರ ಕೋಣೆಗೆ ನುಗ್ಗಿ ಕೇಳಿದೆ. "ನಿಮಗ್ಯಾಕ್ರೀ ಅದೆಲ್ಲ? ನಿಮ್ಮ ಟೈಪಿಂಗ್ ನೀವು ನೋಡ್ಕೊಳ್ಳಿ" ಎಂದರು. ಊಟದ ವಿರಾಮದಲ್ಲಿ ಎಲ್ಲರೂ ಡಬ್ಬಿ ತೆಗೆದಾಗ ನಾನು ಆ ಎರಡು ಹಾಳೆಯನ್ನು ಪ್ರಿಂಟ್ ತೆಗೆದೆ. ಮಡಿಸಿ ಭಾವನ ಊಟದ ಚೀಲದಲ್ಲಿ ತುರುಕಿದೆ. ಭಾವ ಕೇಳಿರಲಿಲ್ಲ, ನಾನೇ ಕೊಟ್ಟದ್ದು. ಇದನ್ನು ಬರೆಯುವಾಗ ಕೈ ಈಗಲೂ ನಿಧಾನವಾಗುತ್ತದೆ. "ಏನಾದ್ರೂ ಮಾಡಿ ಭಾವ. ಆದ್ರೆ ನನ್ನ ಹೆಸ್ರು ಬರಬಾರ್ದು" ಎಂದೆ. "ಆಯ್ತಮ್ಮ, ಬರಲ್ಲ" ಎಂದರು.

ಅವರು ಅದನ್ನು ರಾಗಿ ಅಂಬಲಿಯ ಅಂಟಿನಲ್ಲಿ ಒಂದು ಊರಿನ ಹಾಲಿನ ಡೈರಿಯ ಗೋಡೆಗೆ ಅಂಟಿಸಿ ಬಂದರು. ಬೆಳಿಗ್ಗೆ ಹಾಲು ಹಾಕಲು ಎಲ್ಲ ಮನೆಯವರೂ ಬರುವ ಜಾಗ. ಯಾರೋ ಫೋಟೋ ತೆಗೆದರು. ಹತ್ತೂವರೆಗೆ ನಾವು ಆಫೀಸಿಗೆ ಬರುವಷ್ಟರಲ್ಲಿ ಅದು ಗೆಂಡೆಹಳ್ಳಿಯವರೆಗೂ ಮೊಬೈಲಿಂದ ಮೊಬೈಲಿಗೆ ಹೋಗಿತ್ತು. ಸಾಹೇಬರು ಎಲ್ಲರನ್ನೂ ಕರೆದು ನಿಲ್ಲಿಸಿ, ಫೋನನ್ನು ಮೇಜಿನ ಮೇಲಿಟ್ಟು ಎರಡು ಬೆರಳಿನಲ್ಲಿ ಫೋಟೋವನ್ನು ದೊಡ್ಡದು ಮಾಡಿದರು. ಹಾಳೆಯ ತಲೆಯ ಮೇಲೆ ನೀಲಿ ಪೆನ್ನಿನ ಶ್ರೀ. ಅದು ದೊಡ್ಡದಾಗುತ್ತಾ ಆಗುತ್ತಾ ಪರದೆ ತುಂಬಿಕೊಂಡಿತು, ಸೊಂಡಿಲು ಒಳಕ್ಕೆ ಮಡಿಸಿಕೊಂಡಿತ್ತು. ಅದನ್ನು ಯಾವಾಗ ಬರೆದೆನೋ ಆ ದೇವರಾಣೆಗೂ ನನಗೆ ನೆನಪಿಲ್ಲ. ಅಪ್ಪ ಬೆರಳು ಹಿಡಿದು ಕಲಿಸಿದ್ದು ನನ್ನನ್ನು ಕೇಳದೆಯೇ ಹೋಗಿ ಕೂತಿತ್ತು.

"ಇದು ಯಾರದು ಅಂತ ನಾನೇನೂ ಹೇಳಬೇಕಾಗಿಲ್ಲ" ಎಂದು ಸಾಹೇಬರು ನನ್ನನ್ನು ನೋಡಿದರು. "ನಾಳೆ ಮೇಲಿನ ಆಫೀಸಿಂದ ವಿಚಾರಣೆಗೆ ಬರ್ತಾರೆ. ಆಗ ಮಾತಾಡೋಣ." ಬಾಗಿಲ ಹತ್ತಿರ ಭಾವ ನಿಂತಿದ್ದರು. "ಸಾರ್, ಅರ್ಧ ದಿನ ರಜಾ ಬೇಕಿತ್ತು. ಮನೇಲಿ ಹಸು ಕರು ಹಾಕೋದೈತೆ" ಎಂದರು. ಅವರ ಎರಡು ಕಿವಿಯೂ ಕೆಂಪಾಗಿದ್ದವು. ಸಾಹೇಬರು ಆ ಕಡೆ ನೋಡಲಿಲ್ಲ. ನಾನು ನೋಡಿದೆ.

ಮಾರನೇ ಬೆಳಿಗ್ಗೆ ಆಫೀಸಿನ ಬಾಗಿಲ ಕೆಳಗೆ ಒಂದು ಲಕೋಟೆ ಇತ್ತು. ಭಾವ ಮೊದಲ ರೈಲು ಹತ್ತಿದ್ದನ್ನು ಸ್ಟೇಷನ್ನಿನಲ್ಲಿ ಯಾರೋ ನೋಡಿದ್ದರು. ಪತ್ರದಲ್ಲಿ ಮೂರೇ ಸಾಲು. ಟೈಪಿಂಗ್ ಮೇಡಂ ಊಟಕ್ಕೆ ಹೋಗಿದ್ದಾಗ ಲಿಸ್ಟನ್ನು ಪ್ರಿಂಟ್ ತೆಗೆದವನು ನಾನೇ, ಅಂಟಿಸಿದವನೂ ನಾನೇ, ಬೇರೆ ಯಾರಿಗೂ ಇದರಲ್ಲಿ ಸಂಬಂಧವಿಲ್ಲ. ಪತ್ರದ ತಲೆಯ ಮೇಲೆ ನೀಲಿ ಪೆನ್ನಿನಲ್ಲಿ ಶ್ರೀ ಇತ್ತು. ಸ್ವಲ್ಪ ದಪ್ಪ, ಸ್ವಲ್ಪ ವಾಲಿತ್ತು, ಆದರೆ ಸೊಂಡಿಲು ಒಳಕ್ಕೇ ತಿರುಗಿತ್ತು. ಭಾವ ತಮ್ಮ ಜನ್ಮದಲ್ಲಿ ಕಾಗದದ ಮೇಲೆ ಶ್ರೀ ಹಾಕಿದವರಲ್ಲ.

ಆ ಕ್ಷಣವೇ ನನಗೆಲ್ಲ ಗೊತ್ತಾಯಿತು. ಕಂಪ್ಯೂಟರಿನ ಮೌಸನ್ನು ಹೇಗೆ ಹಿಡಿಯುವುದೆಂದು ತಿಳಿಯದ ಮನುಷ್ಯ ಅವರು. ನಿಂತಿದ್ದರೆ ವಿಚಾರಣೆಯವರು "ಎಲ್ಲಿ, ಪ್ರಿಂಟ್ ತೆಗೆದು ತೋರಿಸು" ಎನ್ನುತ್ತಿದ್ದರು, "ಎಲ್ಲಿ, ಶ್ರೀ ಬರೆದು ತೋರಿಸು" ಎನ್ನುತ್ತಿದ್ದರು. ಅವರು ಏನೂ ಹೇಳುವ ಮೊದಲೇ ಕಿವಿಗಳು ಹೇಳಿಬಿಡುತ್ತಿದ್ದವು. ನಿಂತರೆ ನಾನು ಸಿಕ್ಕಿಬೀಳುತ್ತಿದ್ದೆ. ಅದಕ್ಕೇ ಹೋದರು.

ವಿಚಾರಣೆಗೆ ಬಂದವರು ಫೋಟೋವನ್ನೂ ಪತ್ರವನ್ನೂ ಅಕ್ಕಪಕ್ಕ ಇಟ್ಟು ಕೇಳಿದರು, "ಈ ಶ್ರೀ ಆತಂದೇ ಅಲ್ವೇನಮ್ಮ?"

"ಹೌದು ಸಾರ್. ನಮ್ಮ ತಂದೆ ಮನೆಯವರಿಗೆಲ್ಲ ಕಲಿಸಿದ್ರು" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. "ಮಾಡಿದ್ದನ್ನ ಎದುರಿಸೋಕಾಗ್ದೆ ಓಡಿಹೋಗಿದಾರೆ ಸಾರ್, ಹೇಡಿ" ಎಂದೂ ಸೇರಿಸಿದೆ. ಅದನ್ನು ಅವರು ಕೇಳಿರಲೇ ಇಲ್ಲ. ಸಾಹೇಬರಿಗೂ ಒಬ್ಬ ಸಿಕ್ಕಿದರೆ ಸಾಕಾಗಿತ್ತು, ಅಡ್ಡಮಾತಾಡಲಿಲ್ಲ. ಬರೆದುಕೊಂಡು, ಇಲ್ಲಿ ಸಹಿ ಹಾಕಿ ಎಂದರು, ಹಾಕಿದೆ. ಆವತ್ತು ಮಾತ್ರ ಸಹಿಯ ಮೇಲೆಲ್ಲೂ ಶ್ರೀ ಹಾಕಲಿಲ್ಲ.

ಆ ಭಾನುವಾರ ಮಾದಿಹಳ್ಳಿಗೆ ಹೋದೆ. ಹೋಗುವಾಗ ಅಕ್ಕನ ಕಾಲು ಹಿಡಿಯಬೇಕೆಂದೇ ಹೋದದ್ದು. ಬಾಗಿಲಲ್ಲಿ ಅವಳ ಮುಖ ಕಂಡ ಕೂಡಲೇ ಏನಾಯಿತೋ, ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದೆ: "ಅಕ್ಕ, ನಿನ್ನ ಗಂಡ ಹೇಡಿ ಕಣೆ! ನಿನ್ನನ್ನ ನಡುನೀರಲ್ಲಿ ಕೈಬಿಟ್ಟು ಓಡಿಹೋದ್ರು!" ಆ ಹೆಸರನ್ನು ಬೇರೆ ಯಾರಿಗಾದರೂ ಕೊಡದಿದ್ದರೆ ಅದು ನನ್ನ ಮೇಲೇ ಬಂದು ಕೂರುತ್ತದೆಂದು ನನಗೆ ಭಯವಾಗಿತ್ತು. ಅಕ್ಕ ನನ್ನನ್ನು ಒಳಕ್ಕೆ ಕರೆದಳು. "ಬಿಸ್ಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ ಮೊದ್ಲು" ಎಂದು ಲೋಟ ಕೊಟ್ಟಳು. ಮುಖ ತಪ್ಪಿಸಲು ಗೋಡೆ ನೋಡಿದೆ. ಮೊಳೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ. ಇನ್ನೂ ಅರ್ಧ ವರ್ಷ ಬಾಕಿಯಿತ್ತು, ಎಲ್ಲಿ ಹೋಯಿತೆಂದು ಕೇಳಿದೆ. "ಬೆಕ್ಕು ಹರಿದಾಕ್ತು" ಎಂದಳು.

ಆಮೇಲೆ ನಡೆದದ್ದನ್ನೂ ಹೇಳಬೇಕು. ಲಿಸ್ಟ್ ನೋಡಿದ ಊರಿನವರು ಸರ್ಕಾರದ ದಾರಿ ಕಾಯಲಿಲ್ಲ. ತಾವೇ ಬಣ್ಣ ತಂದು ಪಂಪುಗಳಿಗೆ ಕೆಂಪು ಬಳಿದರು. ಆಫೀಸಿನ ಮುಂದೆ ಕೊಡ ಹಿಡಿದುಕೊಂಡು ಬಂದು ಕೂತರು. ಮೊದಲು ಟ್ಯಾಂಕರ್ ಬಂತು, ಮುಂದೆ ಶುದ್ಧ ನೀರಿನ ಘಟಕ ಬಂತು. ಭಾವನ ಮೇಲೆ ಗೌಪ್ಯ ದಾಖಲೆ ಬಯಲು ಮಾಡಿದ ಕೇಸು ಬಿತ್ತು, ನೌಕರಿ ಹೋಯಿತು. ಊರಿಗೆ ಬಂದರೆ ಪೊಲೀಸರು ಹಿಡಿಯುತ್ತಾರೆ ಎಂದಾಯಿತು. ನನಗೆ ಬಡ್ತಿ ಸಿಕ್ಕಿತು.

ಮಗಳ ಓದು ಮುಗಿಯಲಿ, ಹೇಳುತ್ತೇನೆ ಅಂದುಕೊಂಡೆ. ಓದು ಮುಗಿಯಿತು. ಅವಳಿಗೊಂದು ಕೆಲಸ ಸಿಗಲಿ ಅಂದುಕೊಂಡೆ, ಬೇಲೂರಿನಲ್ಲಿ ಸಿಕ್ಕಿತು. ರಿಟೈರ್ ಆಗಲಿ ಅಂದೆ, ಪೆನ್ಷನ್ ಕೈಗೆ ಬರಲಿ ಅಂದೆ. ಅಕ್ಕನ ಮನೆಗೆ ಹಬ್ಬಕ್ಕೆ ಹೋಗುತ್ತಿದ್ದೆ, ಹೋಳಿಗೆ ತಿಂದು ಬರುತ್ತಿದ್ದೆ. ಭಾವನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಮ್ಮೊಮ್ಮೆ ಅವಳಿಗೆ ಫೋನ್ ಬರುತ್ತಿತ್ತು, ತೆಂಗಿನ ತೋಟದ ಕಡೆಗೆ ಎದ್ದು ಹೋಗಿ ಮಾತಾಡಿ ಬರುತ್ತಿದ್ದಳು. "ಡೈರಿಯೋರು" ಎನ್ನುತ್ತಿದ್ದಳು. ನನಗೆ ಕನಸು ಬೀಳುವುದು ಮಾತ್ರ ಹೆಚ್ಚಾಯಿತು. ಹಳೇಬೀಡಿನ ಗೋಡೆಯಲ್ಲಿ ಆನೆಗಳ ನಡುವೆ ಕೈಪಂಪುಗಳು ನಿಂತಿರುತ್ತಿದ್ದವು. ಅಪ್ಪ ನನ್ನ ಬೆರಳು ಹಿಡಿದು ಒಂದೊಂದರ ಮೇಲೂ ಓಡಿಸುತ್ತಿದ್ದರು, ಬೆರಳು ತೆಗೆದರೆ ಹಸಿ ಕೆಂಪು ಬಣ್ಣ ಅಂಟಿಕೊಂಡಿರುತ್ತಿತ್ತು. ಅದರಲ್ಲಿ ಹೆದರಿಕೆ ಏನೂ ಇರಲಿಲ್ಲ, ಬೆಳಗಿನ ಮಂಜಿನಲ್ಲಿ ಎಲ್ಲ ಮೆತ್ತಗಿರುತ್ತಿತ್ತು. ಎದ್ದ ಮೇಲೆ ಅಳು ಬರುತ್ತಿತ್ತು.

ಕಡಲೆಕಾಯಿಯ ಆ ಇಬ್ಬರಿಗೆ ಪುಣ್ಯ ಬರಲಿ. ಮಾರನೇ ದಿನ ಬೆಳಿಗ್ಗೆ ಬಸ್ ಹತ್ತಿದೆ. ಹಳೇಬೀಡಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಕಾಯುವ ಬದಲು ದೇವಸ್ಥಾನಕ್ಕೆ ಹೋಗಿ ಆನೆಗಳ ಸಾಲಿನ ಮುಂದೆ ನಿಂತೆ. ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ಎಷ್ಟು ಹೊತ್ತು ನಿಂತೆನೋ, ಒಂದು ಸೊಂಡಿಲಿನ ಮೇಲೆ ಬೆರಳು ತಾನೇ ಹೋಯಿತು. "ಅಮ್ಮಾ, ಮುಟ್ಬೇಡಿ!" ಎಂದು ಕಾವಲಿನವನು ಸೀಟಿ ಊದಿದ. "ಇದು ನಮ್ಮಪ್ಪ ಕಲಿಸಿದ್ದು ಕಣಯ್ಯ" ಎಂದೆ. "ಯಾರ್ ಕಲಿಸಿದ್ರೂ ಮುಟ್ಬಾರ್ದು ಅಮ್ಮ" ಎಂದ. ಅವನು ಹೇಳಿದ್ದೂ ಸರಿಯೇ.

ಅಕ್ಕ ಕೊಟ್ಟಿಗೆಯ ಮುಂದೆ ಕೂತು ಹಾಲಿನ ಕ್ಯಾನು ಉಜ್ಜುತ್ತಿದ್ದಳು. "ಏನೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬಂದ್ಬುಟ್ಟೆ?" ಎಂದಳು. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಹೇಳಿದೆ.

"ಅಕ್ಕ, ಆ ಲಿಸ್ಟ್ ಪ್ರಿಂಟ್ ತೆಗೆದೋಳು ನಾನು. ಶ್ರೀ ಹಾಕಿದೋಳೂ ನಾನೇ. ಭಾವ ಕೇಳಿರ್ಲಿಲ್ಲ, ನಾನೇ ಅವರ ಚೀಲಕ್ಕೆ ಹಾಕಿದ್ದು. ಅವರು ಹೇಡಿ ಅಲ್ಲ ಕಣೆ."

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. ಕ್ಯಾನು ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು, "ಒಳಕ್ಕೆ ಬಾ" ಎಂದಳು. ಟ್ರಂಕಿನ ತಳದಿಂದ ಸೀರೆಯಲ್ಲಿ ಸುತ್ತಿದ್ದ ಒಂದು ಸುರುಳಿ ತೆಗೆದು ಚಾಪೆಯ ಮೇಲೆ ಬಿಡಿಸಿದಳು. ಒಂಬತ್ತು ವರ್ಷದ ಹಿಂದಿನ ಕ್ಯಾಲೆಂಡರ್. ಹಾಳೆಗಳ ಹಿಂಭಾಗದ ತುಂಬಾ ಶ್ರೀ. ಮೇಲಿನ ಸಾಲುಗಳಲ್ಲಿ ಬಾಲ ಮೆಣಸಿನಕಾಯಿಯ ಹಾಗೆ ಹೊರಕ್ಕೆ ನಿಂತಿತ್ತು. ಕೆಳಕ್ಕೆ ಬಂದ ಹಾಗೆ ಬಾಗುತ್ತಾ, ಕೊನೆಯ ಹಾಳೆಯಲ್ಲಿ ಹೇಗೋ ಒಳಕ್ಕೆ ತಿರುಗಿತ್ತು. ಪ್ರತಿ ಸಾಲಿನ ಮೊದಲು ಪೆನ್ಸಿಲಿನಲ್ಲಿ ತಿದ್ದಲು ಹಾಕಿಕೊಟ್ಟ ಒಂದು ಮುದ್ದಾದ ಶ್ರೀ ಇತ್ತು. ಆ ಕೈ ನನಗೆ ಗೊತ್ತು.

"ಆವತ್ತು ಆಫೀಸಿಂದ ಓಡಿ ಬಂದು, ನಿಮ್ಮಪ್ಪನ ಶ್ರೀ ಹೇಳ್ಕೊಡೆ ಅಂದ್ರು. ಹಿಂಗಿಂಗಾಯ್ತು ಅಂದ್ರು. ಸಂಜೆ ತಂಕ ಕೂತ್ಕಂಡು ಬರೆದ್ರು. ಸೊಂಡ್ಲು ಹೊರಕ್ಕೇ ಹೋಗದು. ಒಳಕ್ಕೆ ಕಣ್ರೀ, ಒಳಕ್ಕೆ ಅಂತ ನಾನೇ ಕೈ ಹಿಡ್ದು ತಿದ್ದಿಸ್ದೆ."

"ನೀನಾ? ನೀನೇ ಕಳಿಸಿದ್ಯಾ?"

"ಇನ್ನೇನ್ ಮಾಡ್ಲಿ? ಗಂಡ ಇಲ್ಲ ನಿಂಗೆ, ಇನ್ನೂ ಹೈಸ್ಕೂಲು ಮುಗಿಸ್ದೆ ಇದ್ದ ಮಗು. ನೌಕ್ರಿ ಹೋಗಿದ್ರೆ ಎಲ್ಲಿಗ್ ಹೋಗ್ತಿದ್ರಿ? ನಮಗೆ ಹಸ ಐತೆ, ಗದ್ದೆ ಐತೆ."

ಪಾಪಿ, ಆಗಲೂ ನನಗೆ ಬಂದದ್ದು ಸಿಟ್ಟೇ. "ನಾನು ಬಾಗ್ಲಲ್ಲಿ ನಿಂತು ಬೈದಾಗ ಹೇಳ್ಬೇಕಿತ್ತು ಕಣೆ ನೀನು!"

"ಹೇಳಿದ್ರೆ ನೀನ್ ಸುಮ್ನಿರ್ತಿದ್ಯಾ? ನಿನ್ ಬಾಯಿ ನಂಗೊತ್ತಿಲ್ವಾ? ನಿನಗೋಸ್ಕರ ಹೋದ್ರು ಅಂತ ಗೊತ್ತಾಗಿದ್ರೆ ಮಾರ್ನೇ ದಿನ್ವೇ ಆಫೀಸಿಗೋಗಿ, ನಾನೇ ಮಾಡಿದ್ದು ಅಂತ ಕೂಗಾಡ್ತಿದ್ದೆ. ಅದಕ್ಕೇ ಬಾಯ್ಮುಚ್ಕಂಡಿದ್ದೆ. ಹೆದರ್ಕಂಡು ಓಡೋದ್ರು ಅಂತ್ಲೇ ನೀನು ತಿಳ್ಕಂಡಿರ್ಲಿ ಅಂತ."

ಅಕ್ಕ ನನ್ನನ್ನು ಅಷ್ಟು ದೊಡ್ಡವಳೆಂದು ತಿಳಿದುಕೊಂಡಿದ್ದಳು. ಅಲ್ಲಿಗೇ ಬಿಟ್ಟಿದ್ದರೆ ಹಾಗೆಯೇ ತಿಳಿದುಕೊಂಡಿರುತ್ತಿದ್ದಳು. ಒಂದು ಕ್ಷಣ ಬಿಟ್ಟುಬಿಡೋಣ ಅನ್ನಿಸಿದ್ದೂ ನಿಜ.

"ನಂಗೆ ಗೊತ್ತಿತ್ತು ಅಕ್ಕ" ಎಂದೆ. "ಪತ್ರದ ಮೇಲಿನ ಶ್ರೀ ನೋಡಿದಾಗ್ಲೇ ಗೊತ್ತಾಯ್ತು. ನನಗೋಸ್ಕರ ಹೋದ್ರು ಅಂತ ಗೊತ್ತಿದ್ದೇ ನಾನು ಸುಮ್ನಿದ್ದೆ. ಗೊತ್ತಿದ್ದೇ ಬೈದೆ."

ಅಕ್ಕನ ಕೈ ಕ್ಯಾಲೆಂಡರಿನ ಮೇಲೆ ಹಾಗೇ ನಿಂತಿತು. "ಗೊತ್ತಿತ್ತಾ?" ಎಂದಳು. ಇನ್ನೊಂದು ಸಲ, ಮೆಲ್ಲಗೆ, "ಗೊತ್ತಿತ್ತಾ ನಿಂಗೆ?" ಎಂದಳು. ಎದ್ದು ಹೊರಗೆ ಹೋದಳು. ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುವ ಸದ್ದು ಬಹಳ ಹೊತ್ತು ಕೇಳಿತು. ನಾನು ಚಾಪೆಯ ಮೇಲೆ ಕೂತು ಭಾವನ ಅಂಕುಡೊಂಕು ಶ್ರೀಗಳನ್ನು ನೋಡುತ್ತಿದ್ದೆ. ಬಾಗಿಲಿನಿಂದ ಬಿಸಿಲು ಒಳಗೆ ಬಂದು, ಹಾಳೆಯ ಮೇಲೆ ನಡೆದು, ಗೋಡೆ ಹತ್ತಿತು. ಬಡಿಯಲಿ, ಬಯ್ಯಲಿ, ಹೊರಗೆ ಹಾಕಲಿ, ಏನಾದರೂ ಮಾಡಲಿ ಎಂದು ಕಾದೆ.

ಅವಳು ಒಳಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಫೋನ್ ಒತ್ತಿ ಕಿವಿಗಿಟ್ಟುಕೊಂಡು, ಆ ಕಡೆಯಿಂದ ಎತ್ತಿದ ಮೇಲೆ ನನ್ನ ಕೈಗೆ ಕೊಟ್ಟಳು. "ಅವ್ರಿಗೇ ಹೇಳು" ಎಂದಳು.

ಆ ಕಡೆ ಪಾತ್ರೆಗಳ ಸದ್ದು, ನಲ್ಲಿಯಿಂದ ನೀರು ಬೀಳುವ ಸದ್ದು. ಹುಬ್ಬಳ್ಳಿಯ ಆಚೆ ಎಲ್ಲೋ ಒಂದು ಖಾನಾವಳಿಯಲ್ಲಿ ಕೆಲಸವಂತೆ, ಅಕ್ಕ ಆಮೇಲೆ ಹೇಳಿದಳು. "ಭಾವ" ಎಂದೆ. ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಒಂದು ಮಾತು ಹೊರಡಲಿಲ್ಲ.

ಅವರು ನಲ್ಲಿ ನಿಲ್ಲಿಸಿದರು. "ಯಾರು, ನೀನಾ? ಏನಮ್ಮ, ಪೆನ್ಷನ್ ಆರ್ಡರ್ ಬಂತಾ?"

ಸೋಮವಾರ ಮೇಜಿನ ಮುಂದೆ ನಿಂತು ಲಿಸ್ಟ್ ಬಂತಾ ಎಂದು ಕೇಳುತ್ತಿದ್ದ ಅದೇ ದನಿ. "ಬಂತು ಭಾವ" ಎಂದೆ. "ಸದ್ಯ" ಎಂದರು. "ಅದೊಂದು ಆಗ್ಬೇಕಿತ್ತು."

ಜೋರಾಗಿ ಅತ್ತುಬಿಟ್ಟೆ. ಅಳುತ್ತಲೇ ಹೇಳಿದೆ, ನಾಳೆಯೇ ಆಫೀಸಿಗೆ ಎಲ್ಲ ಬರೆದುಕೊಡುತ್ತೇನೆ, ಕೋರ್ಟಿಗೂ ಬೇಕಾದರೆ ಬರುತ್ತೇನೆ, ನೀವು ವಾಪಸ್ ಬನ್ನಿ ಎಂದು.

"ಪೆನ್ಷನ್ ನಿಲ್ಲಿಸ್ಬಿಡ್ತಾರೆ ಕಣಮ್ಮ."

"ನಿಲ್ಲಿಸ್ಲಿ ಭಾವ."

"ನಂಗೆ ಬರೋಕೆ ಭಯ ಆಗುತ್ತೆ ಕಣಮ್ಮ" ಎಂದರು. ಮುಚ್ಚುಮರೆಯಿಲ್ಲದೆ, ನಾಯಿಗೆ ಭಯ ಅಂದಷ್ಟೇ ಸಲೀಸಾಗಿ.

"ನಂಗೂ ಆಗುತ್ತೆ ಭಾವ" ಎಂದೆ. ಎಷ್ಟೋ ವರ್ಷಗಳ ಮೇಲೆ ನಾನು ಯೋಚಿಸದೆ ಆಡಿದ ನಿಜ ಅದು.

ಫೋನ್ ಇಟ್ಟ ಮೇಲೆ ಅಕ್ಕ ಒಂದು ಬಿಳಿ ಹಾಳೆ, ಪೆನ್ನು, ಕೆಳಗಿಟ್ಟುಕೊಳ್ಳಲು ರೊಟ್ಟಿ ಲಟ್ಟಿಸುವ ಮಣೆ ತಂದು ನನ್ನ ಮುಂದಿಟ್ಟಳು. ನಾಳೆ ಅಂದದ್ದನ್ನು ಅವಳು ನಂಬಲಿಲ್ಲ. ಸರಿಯೇ ಮಾಡಿದಳು. ಪೆನ್ನು ಎಂದಿನ ಹಾಗೆ ತಾನೇ ಹಾಳೆಯ ತಲೆಗೆ ಹೋಯಿತು. ದೀರ್ಘ ಎಳೆದೆ. ಅಕ್ಕ ಬಗ್ಗಿ ನೋಡಿದಳು.

"ಸೊಂಡ್ಲು ಹೊರಕ್ಕೋಯ್ತಲ್ಲೇ" ಎಂದಳು.

"ಇರ್ಲಿ ಬಿಡಕ್ಕ" ಎಂದೆ. ಅದನ್ನು ತಿದ್ದದೆ ಕೆಳಗಿನ ಸಾಲಿನಲ್ಲಿ ನನ್ನ ಹೆಸರು ಬರೆದೆ.